ತಾರಸಿಯ ನಲ್ಲಿಗೆ ತಣ್ಣನೆ ಬಿಯರ್

ಅಲ್ಲಾಳಸಂದ್ರದ ನಮ್ಮ ಮನೆಯ ಕೆಳಮಹಡಿಯಲ್ಲಿ ನಾನೂ ಅಣ್ಣನೂ ಸೇರಿ ರೆಸ್ಟೋರೆಂಟ್ ನಡೆಸುತ್ತೇವೆ. ಅಡುಗೆಮನೆ ನನ್ನದು, ಹೊರಗಿನ ವ್ಯವಹಾರವೆಲ್ಲ ಅವನದು. ಮೇಲಿನ ಮಹಡಿಯಲ್ಲಿ ಅಮ್ಮನ ಜೊತೆ ನಮ್ಮ ವಾಸ. ಅದರ ಮೇಲಿನ ತಾರಸಿಯಲ್ಲಿ ಬಾರ್ ಮಾಡಲು ಪರವಾನಗಿ ಸಿಕ್ಕಿದಂದಿನಿಂದ ಅಣ್ಣನ ಬಾಯಲ್ಲಿ ಒಂದೇ ಮಾತು: ಕೆರೆಗೆ ಮುಖ ಮಾಡಿದ ಕೌಂಟರ್, ಅದರ ಮೇಲೆ ಹೊಳೆಯುವ ನಲ್ಲಿಗಳು, ತಿರುಗಿಸಿದರೆ ತಣ್ಣನೆ ಡ್ರಾಫ್ಟ್ ಬಿಯರ್.

ಕೇಳಲು ಚೆನ್ನಾಗಿಯೇ ಇತ್ತು. ಆದರೆ ಬಿಯರ್ ತುಂಬಿದ ಸ್ಟೀಲ್ ಪೀಪಾಯಿಗಳನ್ನು ಇಡಬೇಕಾದ ಕೋಲ್ಡ್ ರೂಮ್ ಇದ್ದದ್ದು ಕೆಳಗೆ, ನನ್ನ ಅಡುಗೆಮನೆಯ ಹಿಂದೆ. ಅಲ್ಲಿಂದ ಕೊಳವೆ ಹೊರಗೋಡೆ ಹತ್ತಿ, ಅಮ್ಮನ ಕೋಣೆಯ ಪಕ್ಕದಲ್ಲೇ ಹಾದು, ತಾರಸಿಯ ಕೆರೆ ಕಡೆಯ ತುದಿ ಮುಟ್ಟಬೇಕು. ದಾರಿಯಲ್ಲಿ ಬಿಯರ್ ಸ್ವಲ್ಪ ಬೆಚ್ಚಗಾದರೂ ಸಾಕು, ನಲ್ಲಿಯಲ್ಲಿ ಬರುವುದು ಬರೀ ನೊರೆ. ಹಾಗಾಗಿ ಕೊಳವೆಯನ್ನು ತಂಪಾಗಿಡಲು ಯಾವ ಯಂತ್ರ ಹಾಕಿಸುವುದು ಎಂಬ ಪ್ರಶ್ನೆ ಎದ್ದಿತು.

ಮೊದಲು ಬಂದ ಮಾರಾಟಗಾರ ಫ್ಯಾನ್ ತೋರಿಸಿದ. ಕೋಲ್ಡ್ ರೂಮಿನ ತಣ್ಣನೆ ಗಾಳಿಯನ್ನು ಅದು ಬಿಯರ್ ಕೊಳವೆಯ ಸುತ್ತ ಊದುತ್ತಾ ಹೋಗುತ್ತದಂತೆ.

"ಇಷ್ಟು ದೂರ ಇದೆಯಲ್ಲ, ಮೇಲಿನ ತನಕ ತಂಪು ಮುಟ್ಟುತ್ತಾ?" ಎಂದು ಕೇಳಿದೆ.

"ಮುಟ್ಟುತ್ತೆ ಸರ್, ಡೌಟೇ ಬೇಡ," ಎಂದು ಅವನು ಅಣ್ಣನಿಗೆ ಹೇಳಿದ. ನಾನು ಏನು ಕೇಳಿದರೂ ಉತ್ತರ ಹೋಗುತ್ತಿದ್ದದ್ದು ಅಣ್ಣನಿಗೇ. ನಾನೇನು ಗೋಡೆಗೆ ನೇತುಹಾಕಿದ ಕ್ಯಾಲೆಂಡರೇ?

ಎರಡನೆಯವನು ಯಶವಂತಪುರದಿಂದ ಬಂದ. ಅವನ ಯಂತ್ರದಲ್ಲಿ ಹೆಪ್ಪುಗಟ್ಟದಂತೆ ಗ್ಲೈಕಾಲ್ ಬೆರೆಸಿದ ನೀರು ಮಂಜುಗಡ್ಡೆಯಷ್ಟು ತಣ್ಣಗಾಗಿ, ಬಿಯರ್ ಕೊಳವೆಗೆ ಅಂಟಿಕೊಂಡ ಇನ್ನೊಂದು ಕೊಳವೆಯಲ್ಲಿ ಮೇಲೆ ಹೋಗಿ ಮತ್ತೆ ಕೆಳಗೆ ಬರುತ್ತದೆ. "ನಲ್ಲಿ ಬುಡದ ತನಕ ಕೂಲಿಂಗ್ ಇರುತ್ತೆ ಮೇಡಂ," ಎಂದ. ಆದರೆ ಆ ಯಂತ್ರ ಬಿಸಿಗಾಳಿ ಬಿಡುತ್ತದೆ, ಅದನ್ನು ನೆರಳಿರುವ ತೆರೆದ ಜಾಗದಲ್ಲಿ ಇಡಬೇಕು. ಮನೆಯೆಲ್ಲ ಸುತ್ತಿದ ಮೇಲೆ ಅಂಥ ಜಾಗ ಸಿಕ್ಕಿದ್ದು ಒಂದೇ, ಅಮ್ಮನ ಕೋಣೆಯ ಬಾಲ್ಕನಿ.

ಅವನು ಹೋದ ಕೂಡಲೇ ಅಣ್ಣ ದನಿ ತಗ್ಗಿಸಿದ. "ಅಮ್ಮನ್ನ ಯಾರು ಕೇಳ್ತಾರೆ? ನೀನ್ ಕೇಳ್ತೀಯಾ?"

"ನಾನ್ಯಾಕೆ ಕೇಳ್ಲಿ? ಬಾರ್ ಆಸೆ ನಿಂದು."

"ಹಂಗಾದ್ರೆ ಫ್ಯಾನೇ ಹಾಕ್ಸೋಣ ಬಿಡು. ನಮ್ ಹುಡುಗ್ರೂ ಅದೇ ಹೇಳಿದ್ರು ಕಣೇ."

ಅವನ ಹುಡುಗರು ಎಂದರೆ ಹೆಬ್ಬಾಳದ ಜಿಮ್ಮಿನ ಗೆಳೆಯರು. ಬಿಯರ್ ಕುಡಿದು ಗೊತ್ತೇ ಹೊರತು ಕೊಳವೆ ಎಳೆದು ಗೊತ್ತಿಲ್ಲ. ನಾನು ಕೂಗಾಡಿದೆ, ಊಟ ಬಡಿಸದೆ ಪಾತ್ರೆ ಕುಕ್ಕಿದೆ. ಕೊನೆಗೆ ಬಂದು ಕೂತದ್ದು ಫ್ಯಾನೇ. ಐವತ್ತು ದಾಟಿದ ಗಂಡಸು ಅಮ್ಮನಿಗೆ ಹೆದರಿ ಯಂತ್ರ ಆರಿಸಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಬಾರ್ ತೆರೆದದ್ದು ಸುಡುವ ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ. ಅಣ್ಣ ಹೊಸ ಅಂಗಿ ತೊಟ್ಟು ಮೊದಲ ನಲ್ಲಿ ತಿರುಗಿಸಿದ. ಗ್ಲಾಸಿನ ತುಂಬ ನೊರೆ. ಎರಡನೆಯದರಲ್ಲೂ ನೊರೆ.

"ಗುರು, ಇದು ಬಿಯರಾ, ಷೇವಿಂಗ್ ಕ್ರೀಮಾ?" ಎಂದು ಅವನ ಗೆಳೆಯನೇ ಕೇಳಿದ. ಎಲ್ಲರೂ ನಕ್ಕರು.

ಗ್ಲಾಸ್ ಸರಿಯಾಗಿ ತೊಳೆದಿಲ್ಲ ಎಂದು ಅಣ್ಣ ತಪ್ಪನ್ನು ನನ್ನ ಅಡುಗೆಮನೆಯವರ ಮೇಲೆ ಹಾಕಿದ. ನಾನೇ ನಿಂತು ಮತ್ತೆ ತೊಳೆದುಕೊಟ್ಟೆ; ನೊರೆ. ಪೀಪಾಯಿಯಿಂದ ಬಿಯರನ್ನು ಮೇಲೆ ತಳ್ಳುವ ಗ್ಯಾಸ್ ಕಡಿಮೆ ಮಾಡಿದ, ನೊರೆ. ಬಕೆಟ್ ತುಂಬಿತು. ಅವನ ಹೊಸ ಅಂಗಿ ತೋಳಿನವರೆಗೂ ಒದ್ದೆ. ಮಾರಾಟಗಾರನಿಗೆ ಫೋನ್ ಮಾಡಿದರೆ, "ಬಿಸಿಲು ಜಾಸ್ತಿ ಅಲ್ವಾ ಸರ್, ಮಳೆ ಬಿದ್ಮೇಲೆ ಸರಿಹೋಗುತ್ತೆ," ಎಂಬ ಉತ್ತರ.

ಫೋನ್ ಕಿತ್ತುಕೊಂಡೆ. "ಬಿಸಿಲಲ್ಲೇ ಅಲ್ವೇನ್ರೀ ಜನ ಬಿಯರ್ ಕುಡಿಯೋದು?"

"ಫೋನ್ ಸರ್‌ಗೆ ಕೊಡಿ," ಎಂದ ಅವನು. ನಾನು ದಡದಡ ಮೆಟ್ಟಿಲಿಳಿದು ಅಮ್ಮನ ಮುಂದೆ ನಿಂತು, ಬಾಲ್ಕನಿ ಬೇಕು, ಯಂತ್ರ ಇಡಬೇಕು, ಸದ್ದು ಬರುತ್ತದೆ, ಬಿಸಿಗಾಳಿ ಬರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅಮ್ಮ ಟೀವಿಯಿಂದ ಕಣ್ಣು ತೆಗೆಯದೆ, "ಮಡೀಕಳ್ಳಿ. ಇಷ್ಟಕ್ಕಾ ನೀವಿಬ್ರೂ ಇಂಗೆ ಕಿತ್ತಾಡ್ತಿದ್ದಿದ್ದು? ಮೊದ್ಲೇ ಕೇಳಾಕೆ ಏನ್ ದಾಡಿ?" ಎಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾರಸಿಗೆ ಹೋಗಿ ಅಣ್ಣನಿಗೆ ಹೇಳಿದರೆ, "ನಂಗೊತ್ತಿತ್ತು, ಅಮ್ಮ ಒಪ್ತಾಳೆ ಅಂತ," ಎಂದ!

ಯಶವಂತಪುರದವನ ಯಂತ್ರ ಬಂದು ಬಾಲ್ಕನಿಯಲ್ಲಿ ಕೂತಿತು. ಹಳೆಯ ಕೊಳವೆ ಕಿತ್ತು, ದಪ್ಪ ಹೊದಿಕೆಯ ಹೊಸ ಕೊಳವೆ ಎಳೆದರು. ನಲ್ಲಿ ತಿರುಗಿಸಿದಾಗ ಹೊಂಬಣ್ಣದ ಬಿಯರ್ ಇಳಿಯಿತು, ಮೇಲೆ ಎರಡು ಬೆರಳು ನೊರೆ. ಅಣ್ಣ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಿಂತ. ಅಷ್ಟು ಚೆನ್ನಾಗಿತ್ತು.

ಆಮೇಲೆ ಅಮ್ಮನ ದೂರು ಶುರುವಾಯಿತು. "ಯಾವನೋ ಕಿಟಕಿ ತಾವ ನಿಂತು ಬುಸ್ ಬುಸ್ ಅಂತ ಬಿಸಿಯುಸಿರು ಬಿಟ್ಟಂಗಾಯ್ತದೆ," ಎಂದು ದಿನಾ ತಿಂಡಿಯ ಹೊತ್ತಿಗೆ ಹೇಳುತ್ತಿದ್ದಳು. ಹೇಳುತ್ತಿದ್ದದ್ದು ನನಗೆ. ಅಷ್ಟು ಹೊತ್ತಿಗೆ ಅಣ್ಣ ತಟ್ಟೆ ಹಿಡಿದು ಹೊರಗೆ ನಡೆದಿರುತ್ತಿದ್ದ.

ಮಳೆಗಾಲ ಹಿಡಿದ ಮೇಲೆ ದೂರು ತಾನಾಗಿ ನಿಂತಿತು. ಯಾಕೆಂದು ನಾನು ಕೇಳಲೂ ಹೋಗಲಿಲ್ಲ. ಒಂದು ದಿನ ಯಂತ್ರದ ಸರ್ವಿಸ್‌ಗೆ ಬಂದವನನ್ನು ಕರೆದುಕೊಂಡು ನಾನೂ ಅಣ್ಣನೂ ಬಾಲ್ಕನಿಗೆ ಹೋದರೆ, ಬಿಸಿಗಾಳಿ ಬರುವ ಕಡೆ ಕುರ್ಚಿಗಳ ಮೇಲೆ ಮೊರಗಳು, ಮೊರದ ತುಂಬ ಅಕ್ಕಿ ಸಂಡಿಗೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಮಿಸನ್ನು ಆಫ್ ಮಾಡಂಗಿಲ್ಲ. ಸಂಡಿಗೆ ಇನ್ನೂ ಒಣಗಿಲ್ಲ. ಇವತ್ತು ಓಗಿ ನಾಳೆ ಬಾರಪ್ಪ."

ಅವನು ನನ್ನ ಮುಖ ನೋಡಿದ. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಮೊಬೈಲ್ ತೆಗೆದು, ಯಾರೂ ಮಾಡದ ಕರೆಗೆ "ಹಲೋ" ಎನ್ನುತ್ತಾ ಮೆಟ್ಟಿಲಿಳಿದುಬಿಟ್ಟ.

ಬಂದವನಿಗೆ ಕಾಫಿ ಕೊಟ್ಟು ಕಳಿಸಿದೆ. ಪುಣ್ಯಾತ್ಮ ಮಾರನೆಯ ದಿನ ಹೇಳಿದ ಹೊತ್ತಿಗೇ ಬಂದ. ಅಮ್ಮ ಆಗಲೇ ಇನ್ನೊಂದು ಸುತ್ತು ಸಂಡಿಗೆಗೆ ಹಿಟ್ಟು ಕುದಿಸಿ ಇಳಿಸಿದ್ದಳು.