ಜಾರುತ್ತಿದ್ದ ಕೈಕ್ಲಚ್ಚು

ದೆವ್ವದ ಮಾತು ಬಂದರೆ ಎದ್ದುಹೋಗುವ ಸ್ವಭಾವ ನನ್ನದು. ನಮ್ಮದು ಚಿತ್ತಾಪುರದ ವೈಷ್ಣವರ ಮನೆ. ಅಪ್ಪ ಶಾಲೆಯ ಮಾಸ್ತರರು, ಅಮ್ಮ ಮಡಿಯಲ್ಲಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದವರು. ಎಂಜಿನ್ ರಿಪೇರಿ ಕಲಿಯಲು ನಾನು ಶಹಾಬಾದಿಗೆ ಹೋದ ಮೇಲೆ ಅಮ್ಮ ನನ್ನ ಉಗುರಿನ ಗ್ರೀಸು ನೋಡಿ ಮುಖ ತಿರುಗಿಸುತ್ತಿದ್ದರು. ನನಗೆ ನಗು ಬರುತ್ತಿತ್ತು. ಗ್ರೀಸಿಗಾಗಲಿ ಹೊಲಸಿಗಾಗಲಿ ಹೇಸದವನು ನಾನು ಎಂದು ತಿಳಿದಿದ್ದೆ. ಆ ಜಂಬ ಗುಂಡಗುರ್ತಿ ಕಡೆಯ ಒಂದು ಬಾವಿಯ ದಂಡೆಯ ಮೇಲೆ ಇಳಿಯಿತು.

ನಿಜಾಮರ ಕಾಲ, ಯುದ್ಧದ ದಿನಗಳು. ಸೀಮೆಎಣ್ಣೆಗೆ ಪರವಾನಗಿ ಬೇಕಾಗಿತ್ತು. ಆ ಊರಿನ ಗೌಡರ ಹತ್ತಿರ ಸೀಮೆಎಣ್ಣೆಯಿಂದ ಓಡುವ ಹಳೆಯ ಟ್ರ್ಯಾಕ್ಟರೊಂದಿತ್ತು. ಅದರ ಚಕ್ರಕ್ಕೆ ಪಟ್ಟಾ, ಅಂದರೆ ದಪ್ಪ ಬಟ್ಟೆಯ ಬೆಲ್ಟು, ಹಾಕಿ ಬಾವಿಯ ಪಂಪು ನಡೆಸುತ್ತಿದ್ದರು. ಪಂಪಿನ ಕೊಳವೆಗೆ ಪಾಚಿ ಕಟ್ಟಿದಾಗಲೆಲ್ಲ ಮುಳುಗಿ ತೆಗೆಯುವ ಕೆಲಸ ಸಾಬಣ್ಣನದು. ಕಾಗಿಣಾ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ, ನೀರಿನಲ್ಲಿ ಮೀನಿನ ಹಾಗೆ ಇರುತ್ತಿದ್ದನಂತೆ. ಒಂದು ದಿನ ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲ.

ಗೌಡರು ಅವನು ಸೋಲಾಪುರದ ಗಿರಣಿಗೆ ಓಡಿಹೋಗಿದ್ದಾನೆ ಎಂದು ಊರ ತುಂಬ ಹೇಳಿದರು. ಈಜುಗಾರರು ಇಳಿದು ಹುಡುಕಿದರೂ ಏನೂ ಸಿಗಲಿಲ್ಲ. ಗಂಡ ಬಿಟ್ಟುಹೋದ ಹೆಂಗಸು ಎಂದು ಜನ ಅವನ ಹೆಂಡತಿ ಮಲ್ಲಮ್ಮನನ್ನು ಆಡಿಕೊಳ್ಳತೊಡಗಿದರು. ಆಕೆ ಮಾತ್ರ ಬಾವಿಯ ಕಟ್ಟೆ ಬಿಟ್ಟು ಏಳಲಿಲ್ಲ. ಊರ ಹಿರಿಯರು ಮುಜುಗರವಾಗುವಷ್ಟು ಹೇಳಿದ ಮೇಲೆ ಗೌಡರು, ಒಂದೇ ದಿನ, ಹೊತ್ತು ಮುಳುಗುವವರೆಗೆ ಮಾತ್ರ, ಬಾವಿಯ ನೀರು ಹೊರಹಾಕಿಸಲು ಒಪ್ಪಿದರು. ಟ್ರ್ಯಾಕ್ಟರಿನ ಕ್ಲಚ್ಚು ಜಾರುತ್ತಿದ್ದುದರಿಂದ ನನ್ನನ್ನು ಕರೆಸಿದರು.

ಆ ಟ್ರ್ಯಾಕ್ಟರಿಗೆ ಕಾಲಿನ ಕ್ಲಚ್ಚಿರಲಿಲ್ಲ. ಉದ್ದನೆಯ ಹಿಡಿಕೆಯನ್ನು ಕೈಯಿಂದ ಮುಂದೆ ನೂಕಿದರೆ ಒಳಗಿನ ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡು ಪಟ್ಟಾದ ಚಕ್ರ ತಿರುಗುತ್ತಿತ್ತು. ಸರಿಯಿದ್ದರೆ ಹಿಡಿಕೆ ಟಕ್ಕೆಂದು ಕೂತುಬಿಡಬೇಕು. ಇದು ಕೂರುತ್ತಲೇ ಇರಲಿಲ್ಲ. ಬಿಚ್ಚಿ ನೋಡಿದರೆ ಪ್ಲೇಟುಗಳ ಮೇಲಿನ ಲೈನಿಂಗು ಸವೆದು ಕಾಗದದಷ್ಟಾಗಿತ್ತು, ಮೇಲೆ ಜಿಡ್ಡು ಬೇರೆ. ಹೊಸದು ಮುಂಬಯಿಯಿಂದ ಬರಬೇಕು. ಪ್ಲೇಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಪಟ್ಟಾದ ಬಟ್ಟೆಯನ್ನೇ ಗುಂಡಗೆ ಕತ್ತರಿಸಿ ಕೂಡಿಸಿ, ನಟ್ಟುಗಳನ್ನು ಒಂದೇ ಸಮನೆ ಬಿಗಿದೆ. ತೊಳೆದ ಎಣ್ಣೆ ಚೆಲ್ಲಿದ್ದಕ್ಕೂ ಗೌಡರು ಗೊಣಗಿದರು.

ಪಂಪು ನಡೆಯಿತು, ನೀರು ಇಳಿಯುತ್ತ ಬಂತು. ಮಧ್ಯಾಹ್ನ ಕಳೆದ ಮೇಲೆ ಬಟ್ಟೆ ಸುಟ್ಟ ವಾಸನೆ ಬಂದು ಕ್ಲಚ್ಚು ಮತ್ತೆ ಜಾರತೊಡಗಿತು. ನಟ್ಟು ಇನ್ನೂ ಬಿಗಿಯಲು ಜಾಗವಿರಲಿಲ್ಲ. ಹಿಡಿಕೆಯನ್ನು ಕೈಯಿಂದಲೇ ಮುಂದೆ ಒತ್ತಿ ಹಿಡಿದು ನಿಂತೆ. ತುಸು ಸಡಿಲ ಬಿಟ್ಟರೆ ಪಂಪು ನಿಲ್ಲುತ್ತಿತ್ತು, ಒರತೆಯ ನೀರು ಮತ್ತೆ ಏರುತ್ತಿತ್ತು. ಹೊತ್ತು ಇಳಿಯುವಷ್ಟರಲ್ಲಿ ಹೆಗಲನ್ನೂ ಆನಿಸಿ ಒತ್ತುತ್ತಿದ್ದೆ.

ಗೌಡರು ದೂರದಲ್ಲಿ ಎಲೆ ಅಡಿಕೆ ಜಗಿಯುತ್ತ ನಿಂತಿದ್ದರು.

"ಸಾಕು ಬಿಡ್ರಿ ಆಚಾರ್ರ. ಓಡಿಹೋದಂವಗ ಎಷ್ಟು ಎಣ್ಣಿ ಸುಡ್ತೀರಿ?" ಎಂದು ಬಾವಿಯೊಳಗೇ ಪಿಚಕ್ಕನೆ ಉಗುಳಿದರು.

ನನಗೆ ಮೈಯೆಲ್ಲ ಉರಿಯಿತು. ಮಲ್ಲಮ್ಮ ಅವರ ಕಡೆ ನೋಡಲೇ ಇಲ್ಲ. ನನಗಷ್ಟೇ ಕೇಳುವ ಹಾಗೆ ಅಂದಳು: "ಅಣ್ಣಾರ, ಇನ್ನ ಸ್ವಲ್ಪ ಹಿಡೀರಿ. ಆತ ಇಲ್ಲೇ ಹಾನ್ರಿ."

ಹಿಡಿಯಬೇಕೆಂದಿದ್ದೆ. ಆದರೆ ಕೈ ಸೋತು ಹಿಡಿಕೆ ಹಿಂದಕ್ಕೆ ಜಾರಿತು. ಆಗ ನನ್ನ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು.

ಇದನ್ನು ಬೇರೆ ಯಾವ ರೀತಿಯಲ್ಲೂ ಹೇಳಲು ನನಗೆ ಬರುವುದಿಲ್ಲ. ಕಣ್ಣಿಗೆ ಏನೂ ಕಾಣಲಿಲ್ಲ. ಒದ್ದೆಯಾದ, ತಣ್ಣನೆಯ, ಬಹಳ ಹೊತ್ತು ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಅಂಗೈ. ಚರ್ಮ ಮೆತ್ತಗೆ ಸರಿದಾಡುತ್ತಿತ್ತು. ಕೊಳೆತ ಪಾಚಿಯ ನಾತ ಮೂಗಿಗೆ ಬಡಿಯಿತು. ಅದು ನನ್ನ ಕೈಯನ್ನೂ ಸೇರಿಸಿಕೊಂಡು ಹಿಡಿಕೆಯನ್ನು ಮುಂದೆ ನೂಕಿತು. ಟಕ್ಕೆಂದು ಸದ್ದಾಯಿತು. ಹೆದರಿಕೆಗಿಂತ ಮೊದಲು ಹೇಸಿಗೆಯೇ ಬಂತು. ಕೈ ಕಿತ್ತುಕೊಂಡು ಕಟ್ಟೆಯ ಆಚೆ ಹೋಗಿ ವಾಂತಿ ಮಾಡಿದೆ.

ತಿರುಗಿ ನೋಡಿದರೆ ಹಿಡಿಕೆ ಮುಂದಕ್ಕೇ ನಿಂತಿತ್ತು. ಯಾರೂ ಹಿಡಿದಿರಲಿಲ್ಲ. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಂಪಿನಿಂದ ಸಿಡಿದಿದೆ ಎನ್ನೋಣವೆಂದರೆ ಪಂಪು ಪಟ್ಟಾದ ಆ ತುದಿಗೆ, ಬಾವಿಯೊಳಗಿನ ಮೆಟ್ಟಿಲ ಮೇಲಿತ್ತು. ಬೆಳಗಿನಿಂದ ಬಾರದಷ್ಟು ನೀರು ಈಗ ಭೋರೆಂದು ಬೀಳುತ್ತಿತ್ತು. ಮತ್ತೆ ಆ ಹಿಡಿಕೆಯನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ. ಎಂಜಿನ್ನು ತಾನಾಗಿ ನಡೆಯಲಿ ಎಂದು ದೂರ ನಿಂತೆ.

ಬಿಸಿಲು ಕೆಂಪಾಗುವ ಹೊತ್ತಿಗೆ ತಳದ ಹತ್ತಿರ ಬಂಡೆಯಲ್ಲಿ ಒಂದು ಪೊಟರೆ ಬಾಯಿ ಬಿಟ್ಟಿತು. ಸಾಬಣ್ಣ ಅದರೊಳಗಿದ್ದ. ಕೊಳವೆಗೆ ಕಟ್ಟಿದ ಹಗ್ಗ ಕಾಲಿಗೆ ಸುತ್ತಿಕೊಂಡಿತ್ತು. ಮೇಲೆ ತಂದಾಗ ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು, ನಾನೂ ಸರಿದೆ. ಗೌಡರು ಆಗಲೇ ಮನೆಯ ದಾರಿ ಹಿಡಿದಿದ್ದರು. ಮಲ್ಲಮ್ಮ ಮಾತ್ರ ಹತ್ತಿರ ಕೂತು ಊದಿದ ಆ ಮುಖದ ಕೆಸರನ್ನು ಸೆರಗಿನಿಂದ ಒರೆಸಿದಳು. ಆ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು.

"ಓಡಿಹೋಗಿಲ್ಲ," ಎಂದಳು ಸುತ್ತ ನಿಂತವರಿಗೆ. "ಎಲ್ಲಾರೂ ನೋಡ್ರಿ. ಎಲ್ಲೂ ಓಡಿಹೋಗಿಲ್ಲ."

ಎಂಜಿನ್ನು ಆರಿದ ಮೇಲೆ ಕ್ಲಚ್ಚು ಬಿಚ್ಚಿದೆ. ನಾನು ಕೂಡಿಸಿದ ಬಟ್ಟೆ ಯಾವಾಗಲೋ ಸುಟ್ಟು ಬೂದಿಯಾಗಿತ್ತು. ಕಾದ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡು ತಿರುಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅಂಟಿದ ಗುರುತಿರಲಿಲ್ಲ. ನಡುವೆ ಬೆರಳು ತೂರುವಷ್ಟು ಸಂದಿತ್ತು. ಆ ಕ್ಲಚ್ಚು ಬರಿಯ ಚಕ್ರವನ್ನೂ ತಿರುಗಿಸುವ ಸ್ಥಿತಿಯಲ್ಲಿರಲಿಲ್ಲ. ನನ್ನ ಕಸುಬಿನ ಯಾರನ್ನು ಕೇಳಿದರೂ ನೀನು ಸರಿಯಾಗಿ ನೋಡಿಲ್ಲ ಎನ್ನುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಅಂದು ಸೀಮೆಎಣ್ಣೆ, ಬೂದಿ, ಹುಣಸೆಹಣ್ಣು ಎಲ್ಲ ಹಾಕಿ ಕೈ ತಿಕ್ಕಿದೆ. ವಾಸನೆ ಹೋಯಿತು, ಸ್ಪರ್ಶ ಹೋಗಲಿಲ್ಲ. ಈಗಲೂ ಊಟವಾದ ಮೇಲೆ ಯಾರಾದರೂ ಒದ್ದೆ ಕೈಯಲ್ಲಿ ನನ್ನ ಕೈ ಹಿಡಿಯಲು ಬಂದರೆ ಗಕ್ಕನೆ ಹಿಂದೆ ಸರಿಯುತ್ತೇನೆ. ವಯಸ್ಸಾದ ಮೇಲೆ ಆಚಾರ್ರಿಗೆ ಮಡಿ ಬಂತು ಎಂದು ಮನೆಯವರು ನಗುತ್ತಾರೆ. ಹೌದು ಎನ್ನುತ್ತೇನೆ.