ಹಿಂಡಿ ಆದೆ ಎನ್ನದ ಹೊನ್ನಕ್ಕ

ಇದನ್ನು ಮೊದಲು ಹೇಳಿದವಳು ಬೀಜ ಆರಿಸುವ ವನಜಾಕ್ಷಿ. ಕಳೆದ ಮಾಘದ ಒಂದು ಸಂಜೆ, ಚಳ್ಳಕೆರೆಯ ಶೇಂಗಾ ಗೋದಾಮಿನ ಜಗಲಿಯಲ್ಲಿ, ದಿನದ ಕೆಲಸ ಮುಗಿಸಿದ ಹೆಂಗಸರ ನಡುವೆ. ಕಥೆಯ ಹೊನ್ನಕ್ಕ ಅಲ್ಲೇ ಕಂಬಕ್ಕೊರಗಿ ಕೂತಿದ್ದಳು.

ಬಿ.ಜಿ. ಕೆರೆಯಿಂದ ಮೊದಲ ಬಸ್ಸಿಗೆ ಬರುವ ಹೊನ್ನಕ್ಕ, ಬೆಳಕು ಹರಿಯುವಾಗಲೇ ರಾಶಿಯ ಮುಂದಿರುತ್ತಾಳೆ. ಕಲ್ಲು, ಸಿಪ್ಪೆ, ಮುಗ್ಗಿದ ಕಾಳು ಅವಳ ಬೆರಳಿಗೆ ತಾವಾಗಿ ಸಿಗುತ್ತವೆ. ಬಲಗೈಯ ಮಣಿಕಟ್ಟು ಊದಿಕೊಂಡು ಬಹಳ ದಿನವಾಯಿತು. ಹಳೇ ಸೀರೆಯ ಚೂರು ಬಿಗಿದಿದ್ದಾಳೆ. ಸಂಜೆಯೊಳಗೆ ಎರಡು ಚೀಲ ಆರಿಸಲೇಬೇಕು.

ಸುಸ್ತಾಯಿತು ಎಂದವರನ್ನು ಮೇಸ್ತ್ರಿ ದುರುಗಣ್ಣ ಮರುದಿನ ಕರೆಯುವುದಿಲ್ಲ. ಹಾಗಾಗಿ ದಣಿವಿಗೆ ಹೆಂಗಸರು ತಮ್ಮದೇ ಮಾತು ಕಟ್ಟಿಕೊಂಡಿದ್ದಾರೆ. ‘ಎಣ್ಣೆ ಇಳೀತು’ ಎಂದರೆ ಸೊಂಟ ಹಿಡಿದಿದೆ, ಆದರೂ ತಡೆಯಬಲ್ಲೆ. ‘ಹಿಂಡಿ ಆದೆ’ ಎಂದರೆ ಗಾಣದಿಂದ ಹೊರಬಿದ್ದ ಹಾಗೆ, ಒಳಗೇನೂ ಉಳಿದಿಲ್ಲ. ಈ ಮಾತು ಕಿವಿಗೆ ಬಿದ್ದೊಡನೆ ಎಡಬಲದವರು ಆಕೆಯ ರಾಶಿಯನ್ನು ಸದ್ದಿಲ್ಲದೆ ತಮ್ಮತ್ತ ಎಳೆದುಕೊಳ್ಳಬೇಕು. ಯಾಕೆಂದು ಕೇಳುವಂತಿಲ್ಲ, ಬೇಡವೆನ್ನುವಂತಿಲ್ಲ.

“ಹೊನ್ನಿ ಬಾಯಾಗೆ ಆ ಮಾತು ಬಂದಿದ್ದೇ ಇಲ್ಲ. ಕಲ್ಲಿನ ಮೈ ಕಣೇ ನಿಂದು ಅಂತ ನಗಾಡ್ತಿದ್ವಿ,” ಎಂದಳು ವನಜಾಕ್ಷಿ. “ಕಲ್ಲೇನಲ್ಲ. ಆ ಕೈ ನೋಡ್ರಿ, ಹೆಂಗೆ ಊದೈತೆ.”

ಆ ಮಾತು ಆಡದಿರಲು ಕಾರಣ, ಹೊನ್ನಕ್ಕನ ಎಡಕ್ಕೆ ಕೂರುವ ಸುಗ್ರಾ ಬೀ. ಕಣ್ಣಿಗೆ ಪೊರೆ ಬಂದು ಆಕೆಗೆ ಕಲ್ಲೂ ಕಾಳೂ ಒಂದೇ ಆಗಿವೆ. ಆಕೆಯ ರಾಶಿಯನ್ನೂ ಹೊನ್ನಕ್ಕನೇ ಆರಿಸುತ್ತಾಳೆ. ತಾನು ಹಿಂಡಿ ಆದೆನೆಂದರೆ ತನ್ನ ರಾಶಿಯ ಅರ್ಧ ಸುಗ್ರಾ ಬೀ ಮುಂದೆ ಹೋಗುತ್ತದೆ. ಕಲ್ಲು ಚೀಲ ಸೇರುತ್ತದೆ. ದುರುಗಣ್ಣ ಕಂಡರೆ ಸುಗ್ರಾ ಬೀಯ ಕೆಲಸ ಹೋಗುತ್ತದೆ.

ಜಗಲಿಯ ತುದಿಯಲ್ಲಿ ಇದನ್ನೆಲ್ಲ ಕೇಳುತ್ತಿದ್ದ ಸುಗ್ರಾ ಬೀ ತಡಕಾಡುತ್ತ ಬಂದು ಹೊನ್ನಕ್ಕನ ಮಣಿಕಟ್ಟು ಮುಟ್ಟಿದಳು. “ಇದೇನೇ, ಇಷ್ಟು ದಪ್ಪ?”

“ಏನಿಲ್ಲ ಬಿಡ್ರಿ ಆಪಾ. ನಿಮಗಿಂತ ನಾನು ದಪ್ಪ ಅಲ್ವೇನ್ರಿ.”

ಸುಗ್ರಾ ಬೀ ಬಟ್ಟೆಯ ಗಂಟನ್ನು ಬಹಳ ಹೊತ್ತು ಸವರುತ್ತಿದ್ದಳು.

“ನಾನು ಹಿಂಡಿ ಆದೆ ಕಣೇ ಹೊನ್ನಿ. ನಾಳೆಯಿಂದ ಬರಲ್ಲ.”

ಹೊನ್ನಕ್ಕ ಬಾಯಿ ತೆರೆದಳು. ಆದರೆ ಆ ಮಾತಿಗೆ ಬೇಡವೆನ್ನುವಂತಿರಲಿಲ್ಲ. “ನಿಮ್ಮ ಜಾಗದಾಗೆ ಗೋಣಿತಟ್ಟು ಹಾಸೇ ಇರ್ತೀನಿ. ಸುಮ್ನೆ ಕೂರೋಕಾದ್ರೂ ಬರ್ರಿ,” ಎಂದಷ್ಟೇ ಹೇಳಿದಳು.

ಹೆಂಗಸರು ಸೆರಗಿನ ಸಿಪ್ಪೆ ಕೊಡವಿ ಎದ್ದರು. ಒಬ್ಬಳು ಸುಗ್ರಾ ಬೀಯ ಚೀಲ ಹಿಡಿದಳು, ಇನ್ನೊಬ್ಬಳು ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರೂ ಮನೆಯ ಕಡೆ ನಡೆದರು.