ಅಪ್ಪ ಬಾರದ ವರ್ಷದ ಸೇತುವೆ

ಗೌರಿಬಿದನೂರಿನ ಹತ್ತಿರ ರಸ್ತೆ ಮಾಡುತ್ತಿರುವ ವಿದೇಶಿ ಕಂಪನಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಕೆಲಸಕ್ಕಿದ್ದಾಳೆ. ಚಿಂತಾಮಣಿಯಲ್ಲಿ ಇಂಗ್ಲಿಷ್ ಪಾಠ ಮಾಡುವ ಟೀಚರಿಗೆ ಬೇರೇನು ಕೆಲಸ ಅಂದುಕೊಂಡಳೋ ಏನೋ, ಕಂಪನಿಯ ಚರಿತ್ರೆಯನ್ನು ಕನ್ನಡಕ್ಕೆ ಮಾಡಿಕೊಡಿ ಅಂತ ಒಂದು ಪುಸ್ತಕ ತಂದುಕೊಟ್ಟಳು. ಆಗಲ್ಲ ಅನ್ನಬೇಕೆಂದಿದ್ದೆ. ರಟ್ಟಿನ ಮೇಲಿನ ಹೆಸರು ನೋಡಿ ಒಪ್ಪಿಕೊಂಡೆ. ಅಪ್ಪ ಇಪ್ಪತ್ತು ವರ್ಷ ದುಡಿದ ಕಂಪನಿ ಅದೇ.

ಅಪ್ಪ ಸೆಂಟ್ರಿಂಗ್ ಮೇಸ್ತ್ರಿ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹಿಡಿದಿಡುವ ಹಲಗೆ, ಕಂಬ ಎಲ್ಲ ಅವನ ಉಸ್ತುವಾರಿ. ನಮ್ಮೂರು ಮಂಡಿಕಲ್ ಬಿಟ್ಟು ಕಡಲಾಚೆಗೆ ಹೋದವನು ಆ ಕಂಪನಿಯ ಅಣೆಕಟ್ಟು, ಬಂದರು, ಸೇತುವೆ ಎಲ್ಲಕ್ಕೂ ಹಲಗೆ ಬಡಿದ. ನಮ್ಮ ಮನೆಯಲ್ಲಿ ವರ್ಷಗಳಿಗೆ ಇಸವಿಯೇ ಇರಲಿಲ್ಲ. ತಂಗಿ ಹುಟ್ಟಿದ್ದು ಬಂದರಿನ ವರ್ಷ, ಹೊಸ ಮನೆಗೆ ಪಾಯ ತೆಗೆದದ್ದು ಅಣೆಕಟ್ಟಿನ ವರ್ಷ. ಅಮ್ಮ ತೀರಿಕೊಂಡಿದ್ದು ಸೇತುವೆಯ ವರ್ಷ. ನಾನಾಗ ಎಸ್ಸೆಸ್ಸೆಲ್ಸಿ.

ಅಪ್ಪ ಬರಲಿಲ್ಲ. ಸುದ್ದಿ ತಿಳಿಸಿದ್ದ ಚಿಕ್ಕಪ್ಪ ಯಾವಾಗ ಬರ್ತೀಯಾ ಅಂತ ಬೂತಿನಿಂದ ಮತ್ತೆ ಫೋನ್ ಮಾಡಿದಾಗ, ಸೇತುವೆಗೆ ಕಾಂಕ್ರೀಟ್ ಹಾಕ್ತಿದ್ದೀವಿ, ಒಂದು ಸಲ ಶುರುವಾದ ಮೇಲೆ ನಿಲ್ಲಿಸೋ ಹಾಗಿಲ್ಲ ಅಂದನಂತೆ. ಎಂಥ ಮೇಸ್ತ್ರಿ ಅಂತ ಊರವರು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಹೆಂಡತಿಯ ಹೆಣ ಅಂಗಳದಲ್ಲಿರುವಾಗ ಇವನಿಗೆ ಕಾಂಕ್ರೀಟೇ ಹೆಚ್ಚಾಯಿತಲ್ಲ ಅಂದುಕೊಂಡೆ. ಆ ಸಿಟ್ಟು ಮೂವತ್ತು ವರ್ಷ ಇಳಿಯಲಿಲ್ಲ. ಅವನು ಕೆಲಸ ಬಿಟ್ಟು ಬಂದು ನನ್ನ ಜೊತೆಗೇ ಇದ್ದರೂ ನಮ್ಮ ನಡುವೆ ಬೇಕಾದಷ್ಟೇ ಮಾತು.

ಪುಸ್ತಕವನ್ನು ದಿನಕ್ಕೆರಡು ಪುಟದಂತೆ ಕನ್ನಡಕ್ಕೆ ಮಾಡುತ್ತಾ ಹೋದೆ. ಎಲ್ಲಿ ನೋಡಿದರೂ ಉದ್ದ, ಎತ್ತರ, ಮಂತ್ರಿಗಳು ಕತ್ತರಿಸಿದ ಟೇಪು. ಹಲಗೆ ಬಡಿದವರ ಸುದ್ದಿಯೇ ಇಲ್ಲ. ಕೊನೆಗೆ ಸೇತುವೆಯ ಪುಟ ಬಂತು. ಅಲ್ಲಿನ ಸರ್ಕಾರದ ಜೊತೆ ತಕರಾರಾಗಿ ಆ ವರ್ಷವಿಡೀ ಕಾಮಗಾರಿ ನಿಂತುಹೋಗಿತ್ತು ಎಂದು ಬರೆದಿತ್ತು. ಇಸವಿ ನೋಡಿದರೆ ನಾನು ಎಸ್ಸೆಸ್ಸೆಲ್ಸಿ ಓದಿದ, ಅಮ್ಮ ಸತ್ತ ವರ್ಷವೇ. ಮೂರು ಸಲ ಓದಿದೆ.

ಅಪ್ಪ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ. ಆ ವರ್ಷ ಕೆಲಸವೇ ನಡೆದಿಲ್ಲವಂತೆ ಅಂದೆ. ಅವನ ಕೈ ನಿಂತಿತು. ಕಾಯಿ ಪಕ್ಕಕ್ಕಿಟ್ಟು ಒಂದೊಂದಾಗಿ ಹೇಳಿದ. ತಿಂಗಳುಗಟ್ಟಲೆ ಕ್ಯಾಂಪಿನಲ್ಲಿ ಸುಮ್ಮನೆ ಕೂತಿದ್ದರಂತೆ. ಎಲ್ಲರ ಪಾಸ್‌ಪೋರ್ಟೂ ಆಫೀಸಿನ ಬೀರುವಿನಲ್ಲಿ. ಅಮ್ಮನ ಸುದ್ದಿ ಬಂದ ದಿನ ಆಫೀಸಿನ ಬಾಗಿಲಲ್ಲೇ ಕೂತು ಬೇಡಿಕೊಂಡನಂತೆ. ಕೊಡಲಿಲ್ಲವಂತೆ.

ಹಾಗಾದರೆ ಆ ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ.

“ಕೆಲಸ ನಿಂತಿದ್ದು ನಿಮ್ಮಮ್ಮಂಗೆ ನಾನು ಹೇಳಿರ್ಲಿಲ್ಲ. ನಮ್ಮ ಯಜಮಾನ್ರು ಇಲ್ದಿದ್ರೆ ಆ ಸೇತುವೆ ಮೇಲೇಳಲ್ಲ ಅಂತ ಊರಿಗೆಲ್ಲಾ ಹೇಳಿದೀನಿ ಅಂತ ಕಾಗದ ಬರ್ದಿದ್ಳು. ಸತ್ತೋಳ ಮಾತು ಸುಳ್ಳು ಮಾಡೋಕೆ ಮನಸ್ಸು ಬರ್ಲಿಲ್ಲ.”

“ನನಗಾದ್ರೂ ಹೇಳ್ಬೋದಿತ್ತಲ್ಲಪ್ಪ.”

“ನೀನು ಕೇಳ್ಲೇ ಇಲ್ವಲ್ಲಮ್ಮ.”

ಕೇಳಿರಲಿಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ದಿನಾ ಕೇಳುತ್ತಿದ್ದೆ. ಅಮ್ಮ ಹೋದ ದಿನ ನೀನು ಹೇಗಿದ್ದೆ ಅಂತ ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.